ಐಚ್ಛಿಕ

ಹಗಲಿಗೆ ಎಂಟುನೂರು ಗುಂಡಿ.
ಕೌಲ್ ಬಜಾರಿನ ಎರಡನೇ ಮಹಡಿಯಲ್ಲಿ
ಜೀನ್ಸಿನ ಸೊಂಟಕ್ಕೊಂದು, ಜೇಬಿನ ಮೂಲೆಗೆ ತಾಮ್ರದ ಮೊಳೆ,
ಕಾಲಲ್ಲಿ ಒತ್ತಿದರೆ ಟಕ್.
ರಾತ್ರಿ ತಮ್ಮ ಮಲಗಿದ ಮೇಲೆ
ಅವನ ಹಳೇ ಕಂಪ್ಯೂಟರಿನ ಮುಂದೆ
ಇನ್ನೊಂದು ಥರದ ಗುಂಡಿ.

ಆಟ ಹೆಸರು ಕೇಳಿತು. ಸುಂಕಮ್ಮ ಎಂದೇ ಬರೆದೆ.
ಹೆಗಲಿಗೆ ಬಿಲ್ಲು, ತಲೆಯ ಮೇಲೆ ತೇಲುವ ನನ್ನ ಹೆಸರು,
ಮೊಣಕಾಲುದ್ದ ಹಿಮದಲ್ಲಿ ಅದು ನಡೆದದ್ದು ಕಂಡು
ಮೊದಲ ದಿನ ಒಬ್ಬಳೇ ನಕ್ಕೆ.
ಅವತ್ತು ಬಳ್ಳಾರಿಯಲ್ಲಿ ನಲವತ್ತಮೂರು ಡಿಗ್ರಿ,
ಗೋಡೆಗೆ ಬೆನ್ನು ಕೊಟ್ಟರೆ ಹಂಚಿಗೆ ರೊಟ್ಟಿ ಹಾಕಿದಂತೆ.

ಅಲ್ಲಿ ರಾಜ್ಯ ಉಳಿಸಬೇಕು. ಅದು ಕಡ್ಡಾಯ.
ಓರ್ವಿನ್ ಅಂತ ಒಬ್ಬ ಕಮ್ಮಾರನಿದ್ದಾನೆ. ಅವನು ಕಡ್ಡಾಯವಲ್ಲ.
ಮಾತಿಗೆ ನಿಂತರೆ ಕೆಳಗೆ ನಾಲ್ಕು ಸಾಲು ಇಂಗ್ಲಿಷು,
ನಾನು ಓದಿಕೊಳ್ಳುವುದು ನಮ್ಮ ಮಾತಿನಲ್ಲೇ:
ಕತ್ತಿಗೆ ಎಷ್ಟಪಾ?
ಕಾಡಿಗೆ ದಾರಿ ಯಾವ ಕಡಿ?
ಬರ್ತೀನಪ.
ನಾಲ್ಕನೆಯದರ ಪಕ್ಕ ಪುಟ್ಟದೊಂದು ಹೃದಯ:
ಕೈಗೆ ಏನಾತು, ಸುಟ್ಟೈತಲ್ಲ?

ಎರಡು ಸಲ ಆಟ ಮುಗಿಸಿದೆ
ಆ ನಾಲ್ಕನೆಯದನ್ನು ಮುಟ್ಟದೆ.
ಡ್ರ್ಯಾಗನ್ ಸತ್ತಿತು, ಗೋಪುರದಲ್ಲಿ ಗಂಟೆ ಹೊಡೆದರು,
ರಾಣಿ ಎದ್ದು ನಿಂತು ಕೈ ಮುಗಿದಳು.
ಪ್ರೀತಿಸದಿದ್ದರೂ ಲೋಕ ಉಳಿಯುತ್ತದೆ,
ನಾಣ್ಯದ ಚೀಲದಲ್ಲಿ ಒಂದೂ ಕಡಿಮೆಯಾಗುವುದಿಲ್ಲ.

ಐಚ್ಛಿಕ.
ಕಾಲೇಜಿನ ಫಾರ್ಮಿನಲ್ಲಿತ್ತು ಈ ಪದ,
ಕನ್ನಡದ ಮುಂದೆ ಟಿಕ್ ಹಾಕಿದ್ದೆ.
ಏಳೇ ಮಂದಿ ಇದ್ದೀರಿ, ಕ್ಲಾಸು ನಡೆಯಲ್ಲ ಅಂದರು.
ಅರ್ಥಶಾಸ್ತ್ರದಲ್ಲಿ ಹೋಗಿ ಕುಂತೆ,
ಬೇಡಿಕೆ, ಪೂರೈಕೆ, ಅವೆರಡರ ರೇಖೆ
ಒಂದು ಕಡೆ ಕೂಡುತ್ತವಂತೆ.

ಮೂರನೇ ಸಲ ಯಾಕೋ
ಅವನಿಗೆ ಕಾಡುಜೇನು ಒಯ್ದೆ. ತಗೊಂಡು ಸುಮ್ಮನಾದ.
ತಿಮಿಂಗಿಲದ ಹಲ್ಲು ಕೊಟ್ಟೆ. ನೋಡಿ ಬದಿಗಿಟ್ಟ.
ಚೀಲದ ತಳದಲ್ಲಿ ಉಳಿದಿದ್ದ ಉಪ್ಪು ಕೊಟ್ಟಾಗ
ನಕ್ಕ! ಉಪ್ಪಿಗೆ!
ಹನ್ನೊಂದು ರಾತ್ರಿ ಉಪ್ಪು ಹೊತ್ತೆ ನಾನು,
ಹೃದಯ ಅರ್ಧ, ಮುಕ್ಕಾಲು, ಪೂರ್ತಿ ಕೆಂಪು.
ಬೆಂಕಿಯ ಪಕ್ಕ ಸುತ್ತಿಗೆ ಕೆಳಗಿಟ್ಟು ತಿರುಗಿದ,
ಸುಂಕಮ್ಮ, ಅಂತ ಮೂಡಿತು, ಮುಂದಿನ ಅಕ್ಷರ
ಒಂದೊಂದಾಗಿ ಬರುತ್ತಿತ್ತು,

ಕರೆಂಟ್ ಹೋಯಿತು.

ಫ್ಯಾನು ಮೂರು ಸುತ್ತು ಸುಮ್ಮನೆ ತಿರುಗಿ ನಿಂತಿತು.
ಓಣಿಯೆಲ್ಲ ಎದ್ದು ಕನ್ನಡ, ತೆಲುಗು, ಉರ್ದುವಿನಲ್ಲಿ
ಜೆಸ್ಕಾಂಗೆ ಬೈಯಿತು.
ನಾನು ಯಾವುದರಲ್ಲೂ ಬೈಯಲಿಲ್ಲ.
ಸೇವ್ ಆಗಿರಲಿಲ್ಲ.
ಕತ್ತಲಲ್ಲಿ ಕೂತು, ಅವನು ಏನೆನ್ನಲಿದ್ದ ಎಂದು
ನಾನೇ ಸಾಲು ಬರೆಯತೊಡಗಿದೆ. ಐದಾರು ಬರೆದೆ.
ಒಂದೂ ಕಮ್ಮಾರನ ಬಾಯಿಗೆ ಹೊಂದಲಿಲ್ಲ.
ಒಂದು ಮಾತ್ರ, ನಾಚಿಕೆ, ಕೇಳಿದ ದನಿಯಂತಿತ್ತು.

ವಾಷಿಂಗ್ ಯೂನಿಟ್ಟಿನ ಗಾದಿಲಿಂಗ.
ಮೊಣಕೈತನಕ ನೀಲಿ.
ದಿನಾ ಮಧ್ಯಾಹ್ನ ಒದ್ದೆ ಮೂಟೆ ಇಳಿಸಿ
ಮೂರು ವರ್ಷದಿಂದ ಒಂದೇ ಕೇಳುತ್ತಾನೆ:
ಊಟ ಆತೇನ್ರಿ?
ಆತ್ರಿ, ಅನ್ನುತ್ತೇನೆ,
ಡಬ್ಬಿ ಇನ್ನೂ ಚೀಲದಲ್ಲೇ ಇರುತ್ತದೆ.

ಮರುದಿನವೂ ಕೇಳಿದ.
ಇಲ್ರಿ, ಅಂದೆ.
ಮುಂದಿನ ಸಾಲು ಎಲ್ಲೂ ಬರೆದಿರಲಿಲ್ಲ, ಆದರೂ ಬಂತು:
ಆ ಬಣ್ಣ ಕೈಯಿಂದ ಹೋಗಾದ ಇಲ್ಲೇನ್ರಿ?
ಬೇರೆ ಯಾರದೋ ಕೈ ಎಂಬಂತೆ
ಎರಡೂ ಎತ್ತಿ ನೋಡಿಕೊಂಡ.
ಐತವಾರ ಅರ್ಧ ಹೋಗತೈತ್ರಿ, ಅಂದ.
ಸ್ವಾಮಾರ ಮತ್ತ ಬರತೈತಿ.

ಸಂಗೀತ ಬರಲಿಲ್ಲ.
ಯಾವ ಮೂಲೆಯಲ್ಲೂ ಏನೂ ಕೆಂಪಾಗಲಿಲ್ಲ.
ಕೆಳಗಿನಿಂದ ಖಾಜಾಸಾಬರು ನಲವತ್ತು ಪೀಸ್ ಎಲ್ಲಿ ಎಂದು ಕೂಗಿದರು,
ನನ್ನ ಕಾಲು ತಾನೇ ಒತ್ತಿತು, ಟಕ್,
ಗುಂಡಿ ಒಂದು ನೂಲು ಓರೆಯಾಗಿ ಕೂತಿತು.
ಬಿಚ್ಚಬೇಕಿತ್ತು. ಬಿಚ್ಚಲಿಲ್ಲ.
ಆ ಪ್ಯಾಂಟು ಯಾವ ಊರಿಗೆ ಹೋಯಿತೋ.