ಒಂದು ಚಿಟಿಕೆ ಗದ್ದಲ

ಔಲುವಿನ ಜನವರಿ. ಮಧ್ಯಾಹ್ನ ಮೂರಕ್ಕೇ ಕತ್ತಲು.
ಪರದೆಯ ಮೇಲೆ ನನ್ನ ಆಸಿಲೇಟರು:
ಒಂದು ಸುರುಳಿ, ಒಂದು ಕೆಪಾಸಿಟರು,
ಕೈ ಅಡ್ಡಹಾಕಿ ಗಿರಗಿರ ಸುತ್ತಲು ನಿಂತ ಹುಡುಗಿಯರಂಥ
ಎರಡು ಟ್ರಾನ್ಸಿಸ್ಟರು.

ಸಿಮ್ಯುಲೇಟರು ಎಳೆದದ್ದು ನೆಟ್ಟನೆಯ ಗೆರೆ.
ಮಿಸುಕಲಿಲ್ಲ.
ಲೆಕ್ಕದಲ್ಲಿ ತಪ್ಪೇ ಇಲ್ಲ, ಅದೇ ತಪ್ಪು.
ಮೊನೆಯ ಮೇಲೆ ನಿಲ್ಲಿಸಿದ ಪೆನ್ಸಿಲು
ಗಾಳಿಯೇ ಇಲ್ಲದ ಲೋಕದಲ್ಲಿ
ಬೀಳುವುದಾದರೂ ಯಾವ ಕಡೆಗೆ?

"ಚಿವುಟು, ಏವಿ" ಅಂದ ಆರ್ಮಸ್ ಕೆಸ್ತಿ,
ನಿವೃತ್ತಿಗೆ ಏಳು ವಾರ ಬಾಕಿಯಿದ್ದವನು.
"ಒಂದು ಮೈಕ್ರೋವೋಲ್ಟು ಸಾಕು."
ಚಿವುಟಿದೆ. ಎದ್ದಿತು,
ಮೊದಲು ನೂಲು, ಆಮೇಲೆ ಹಗ್ಗ, ಆಮೇಲೆ ಕುಣಿತ.

ಬೆಂಚಿನ ಮೇಲಿನ ನಿಜದ ಬೋರ್ಡನ್ನು ಯಾರೂ ಚಿವುಟಬೇಕಿಲ್ಲ.
ಬೆಚ್ಚಗಿನ ರೆಸಿಸ್ಟರಿನೊಳಗೆ ಎಲೆಕ್ಟ್ರಾನುಗಳ ನೂಕುನುಗ್ಗಲು
ಅದನ್ನು ಎಬ್ಬಿಸುತ್ತದೆ,
ಎಬ್ಬಿಸಿದ ಮೇಲೆ ಜನ್ಮವಿಡೀ ಕಾಡುತ್ತದೆ.

ಅಳೆದರೆ, ಲೆಕ್ಕಕ್ಕಿಂತ ನಾಲ್ಕು ಡೆಸಿಬೆಲ್ ಹೆಚ್ಚು ಗದ್ದಲ.
ಮೂರು ವಾರ ಹುಡುಕಿದೆ.
ಕೇಬಲ್ಲನ್ನು ಬೈದೆ, ಬ್ಯಾಟರಿ ಬದಲಿಸಿದೆ,
ಕಾಫಿ ಮೆಷೀನಿನ ಪ್ಲಗ್ಗನ್ನೇ ಕಿತ್ತು
ಇಡೀ ಮಹಡಿಯ ಶಾಪ ಹೊತ್ತೆ.

ಫೆಬ್ರವರಿಯ ಒಂದು ಶುಕ್ರವಾರ ಅವನ ಕಾರಿನಲ್ಲಿ
ಹೈಲುವೊತೊ ದ್ವೀಪಕ್ಕೆ, ಹೆಪ್ಪುಗಟ್ಟಿದ ಕಡಲ ಮೇಲೆ.
ಬೆಲ್ಟು ಬೇಡ, ಬಿರುಕು ಬಿಟ್ಟರೆ ಹಾರಬೇಕಲ್ಲ.
ದಾರಿಯ ಎರಡೂ ಅಂಚಿಗೆ ನೆಟ್ಟ ಕೊಂಬೆಗಳು.
ಗಾಳಿ ಬಲಕ್ಕೆ ನೂಕಿತು,
ಕೊಂಬೆ ಕಂಡಿತು, ಅವನು ಎಡಕ್ಕೆ ತಿರುಗಿಸಿದ.

"ಇದು ಅಲೆಯ ಎತ್ತರ. ಕೆಟ್ಟರೆ ತಿದ್ದಲು ಕೊಂಬೆಗಳಿವೆ.
ಗಾಳಿ ಎದುರಿನಿಂದ ತಡೆದರೆ?
ದಾರಿಯ ಮೇಲೇ ಇರುತ್ತೀಯ. ಯಾವ ಕೊಂಬೆಯೂ ಹೇಳದು.
ತಡವಾದದ್ದು ತಡವಾದದ್ದೇ,
ಅದರ ಬೆನ್ನ ಮೇಲೆ ಇನ್ನೊಂದು ತಡ."

ಸೋಮವಾರ ಸಿಕ್ಕಿತು: ತಳದಲ್ಲಿ ಕರೆಂಟು ಉಣಿಸುವ
ಮೂರನೆಯ ಟ್ರಾನ್ಸಿಸ್ಟರು, ಅದರ ಸಾವಕಾಶದ ನರಳಿಕೆ.
ಅಲೆಯ ಏರನ್ನೂ ಇಳಿತವನ್ನೂ ಒಂದೇ ಅಚ್ಚಿಗೆ ತಂದಾಗ
ಎರಡು ಡೆಸಿಬೆಲ್ ಕಳಚಿಬಿದ್ದವು.
ಉಳಿದೆರಡು? ವರದಿಯಲ್ಲಿ ಬರೆದೆ: ಗೊತ್ತಿಲ್ಲ.
ಆರ್ಮಸ್ ಕೆಳಗೆ ಸಹಿ ಹಾಕಿದ, ಅದು ಅವನ ಕೊನೆಯ ಸಹಿ.

ಆ ಶುಕ್ರವಾರದ್ದು ಒಂದು ಮಾತು ಬಿಟ್ಟುಹೋಯಿತು.
ಸೌನಾ ಕಾಯಿಸಿಟ್ಟು ಬಾಗಿಲಲ್ಲೇ ನಿಂತಿದ್ದಳು ಸೈಮಿ.
ಗಡಿಯಾರ ನೋಡಿ, "ಎಂಟು ನಿಮಿಷ" ಅಂದಳು.
ಬೂಟಿನ ಹಿಮ ಕೊಡವುತ್ತಾ ಅವನು:
"ದಾರಿ ಮಾತ್ರ ತಪ್ಪಿರಲಿಲ್ಲ."