ಜಲಜಾಕ್ಷಿಗೆ ಕೈಗವಸು

ಮಂಜೇಶ್ವರದಲ್ಲಿ ಮಂಜಿರುವುದು
ಹೆಸರಿನಲ್ಲಿ,
ಮತ್ತೆ ಬಂದರಿನ ಐಸ್ ಪ್ಲಾಂಟಿನಲ್ಲಿ.
ಉಳಿದದ್ದೆಲ್ಲ ಸೆಕೆ.
ಮಾರ್ಚ್ ತಿಂಗಳ ಮಧ್ಯಾಹ್ನ ಉಣ್ಣೆ ಹಿಡಿದು ಕೂತವಳನ್ನು ಕಂಡು
ಮೀನಿನ ಸ್ಕೂಟರು ನಿಲ್ಲಿಸಿದ ಮೊಯ್ದಿನಬ್ಬ:
"ಎಂತ ಅಕ್ಕ, ಜ್ವರವಾ?"

ಜ್ವರ ಅಲ್ಲ. ನಾದಿನಿಯ ಬೆರಳು.
ನಸುಕಿಗೇ ಹೋಗಿ ಕೋಲ್ಡ್ ರೂಮಿನಲ್ಲಿ
ಬಂಗುಡೆ ಪೆಟ್ಟಿಗೆ ಒಂದರ ಮೇಲೊಂದು ಜೋಡಿಸುತ್ತಾಳೆ.
ಮನೆಗೆ ಬಂದರೆ ರವಿಕೆಯ ಗುಂಡಿಗೆ ನನ್ನನ್ನೇ ಕರೆಯಬೇಕು.
ಕೈ ಬೇರೆ ಯಾರದ್ದೋ ಎಂಬಂತೆ
ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ.

ಕಲಿಸಿದವರು ಲೆತ್ತಿಸಿಯಾ ಬಾಯಿ,
ಕಾನ್ವೆಂಟಿನಲ್ಲಿ ಹೊಲಿಗೆ ಟೀಚರಾಗಿದ್ದವರು.
ಸೂಜಿ ಐದು. ಹಳೇ ಸೈಕಲಿನ ಕಡ್ಡಿ,
ಕಡೆಯುವ ಕಲ್ಲಿಗೆ ಉಜ್ಜಿ ಮೊನೆ ಮಾಡಿದ್ದು.
ಬಿಳಿ ಉಣ್ಣೆ ಕುಂಬಳೆಯ ಅಂಗಡಿಯದ್ದು.
ಕೆಂಪು, ನಮ್ಮವರು ಊಟಿ ಲಾರಿಗೆ ಕ್ಲೀನರಾಗಿ ಹೋಗುವಾಗ
ತೊಡುತ್ತಿದ್ದ ಸ್ವೆಟರು.
ಕುತ್ತಿಗೆಯಿಂದ ಬಿಚ್ಚಿದೆ.
ಅಲ್ಲಿ ಇನ್ನೂ ಡೀಸೆಲ್ ವಾಸನೆ.
ಹೆಗಲು ಹೋಯಿತು, ಎದೆ ಹೋಯಿತು, ಒಂದು ಮೊಣಕೈ ಹೋಯಿತು,
ಸಂಜೆಗೆ ಅವರು ಒಂದು ಉಂಡೆ.
ಇನ್ನೊಂದು ತೋಳನ್ನು ಯಾಕೋ ಹಾಗೇ ಬಿಟ್ಟೆ.

ಚೌಕಳಿ ಹಾಳೆಯಲ್ಲಿ ಬಾಯಿ ಬರೆದ ಹೂವಿಗೆ
ಎಂಟು ಎಸಳು. ಯಾವುದೋ ಹಿಮದ ಸೀಮೆಯದ್ದಂತೆ.
ನಾಲ್ಕನ್ನು ರಬ್ಬರಿನಿಂದ ಉಜ್ಜಿದೆ.
ಕೇಪಳವಾಯಿತು.

ಎಡಗೈಗೆ ಬಿಳಿ, ಬಲಗೈಗೆ ಕೆಂಪು.
ಲೆಕ್ಕ ಕಲಸಿಹೋಗದ ಹಾಗೆ
ಬಿಳಿಯನ್ನು ಬಾಯಿಯ ಕೊಂಕಣಿಯಲ್ಲಿ: ಏಕ್, ದೋನ್, ತೀನ್.
ಕೆಂಪನ್ನು ನನ್ನ ತುಳುವಿನಲ್ಲಿ: ಒಂಜಿ, ರಡ್ಡ್.
ಸುತ್ತು ಮುಗಿದರೆ ಒಂದು ಗೀಟು, ಕರೆಂಟು ಬಿಲ್ಲಿನ ಮೇಲೆ.
ಅದರ ಮುಂದೆಲ್ಲ ಮಲಯಾಳ.
ಬೆನ್ನು ಖಾಲಿ. ಅಲ್ಲಿ ನನ್ನ ಕನ್ನಡ:
"ಹೆಬ್ಬೆರಳಿಗೆ ಒಂಬತ್ತು ಕುಣಿಕೆ ಬಿಡಬೇಕು, ಮರೆಯಬಾರದು."

ಕಾಣಬೇಕಾದ ಬಣ್ಣ ಮುಂದೆ ಬಂದಾಗ
ಇನ್ನೊಂದು ಹಿಂದಿನಿಂದ ಸುಮ್ಮನೆ ನಡೆದು ಬರುತ್ತದೆ.
ಎಳೆದರೆ ಹೂವು ಸುಕ್ಕು.
ಸಾವಿರ ಬೀಡಿಗೆ ದಿನಾ ನೂಲು ಸುತ್ತಿದ ಬೆರಳು ನನ್ನದು,
ಬಿಗಿಯುವುದೊಂದೇ ಗೊತ್ತು.
ಸಡಿಲ ಬಿಡುವುದನ್ನು ಕಲಿಯುವಾಗ
ವಿಷು ಕಳೆದಿತ್ತು.
ಉಣ್ಣೆ ಬೆವರಿಗೆ ಅಂಟಿ ಕಡ್ಡಿಯ ಮೇಲೆ ಜಾರುವುದೇ ಇಲ್ಲ.
ಬಾಯಿಗೆ ತೋರಿಸಿದೆ. ಹೂವನ್ನು ನೋಡಲೇ ಇಲ್ಲ ಅವರು,
ಮಗುಚಿ ಬೆನ್ನು ನೋಡಿದರು.
"ಮುಂದೆ ಯಾರೂ ಚಂದ ಮಾಡ್ತಾರೆ" ಅಂದರು.
ಅಷ್ಟೇ ಅಂದರು.

ನಾಲ್ಕು ಬೆರಳಿಗೆ ಒಂದೇ ಕೋಣೆ.
ಹೆಬ್ಬೆರಳಿಗೆ, ಪಾಲು ತಗೊಂಡು ಹೋದ ತಮ್ಮನ ಹಾಗೆ,
ಬದಿಯಲ್ಲಿ ಬೇರೆ ಬಾಗಿಲು.

ಕೊಟ್ಟೆ.
ಜಲಜಾಕ್ಷಿ ತೊಟ್ಟಳು, ತೆಗೆದಳು.
"ಒಳಗೆ ನೂಲು ಉಂಟಲ್ಲ ಅತ್ತಿಗೆ, ಬೆರಳು ಸಿಕ್ಕಿಕೊಳ್ತದೆ."
ಒಳಮೈ ಹೊರಗೆ ಮಾಡಿ ಮತ್ತೆ ತೊಟ್ಟಳು.
ಕೇಪಳವೆಲ್ಲ ಒಳಗೆ.
ಮೇಲೊಂದು ಪ್ಲಾಸ್ಟಿಕ್ ತೊಟ್ಟೆ,
ಮಣಿಕಟ್ಟಿಗೆ ರಬ್ಬರ್ ಬ್ಯಾಂಡು.
ಬಸ್ಸಿಗೆ ಹೊತ್ತಾಯಿತೆಂದು ಹೊರಟೇಹೋದಳು.

ಮೂರು ತಿಂಗಳ ಹೂವು!
ಅವತ್ತು ಗಂಜಿ ಬಡಿಸುವಾಗಲೂ ನಾನು ಮಾತಾಡಲಿಲ್ಲ.
ಅವಳೂ ಏನೂ ಕೇಳಲಿಲ್ಲ.
ಸ್ನಾನ ಮಾಡಿ ಬಂದವಳ ರವಿಕೆ ನೋಡಿದೆ:
ಮೇಲಿನದೊಂದು ಬಿಟ್ಟು
ಗುಂಡಿ ಎಲ್ಲ ಹಾಕಿಕೊಂಡಿದ್ದಳು.

ರಾತ್ರಿ ಕೈಗವಸು ಒಗೆಯಲು ತೆಗೆದೆ.
ಡೀಸೆಲ್ ಹೋಗಿ ಬಂಗುಡೆ ಬಂದಿತ್ತು.
ಮಗುಚಿದರೆ ಹೂವು ಒಣಗಿಯೇ ಇತ್ತು,
ಒಂದು ಎಸಳಿಗೆ ಅವಳ ಅಂಗೈಯ ಅರಿಶಿನ.

ಈಗ ಅವಳ ಜೊತೆಯ ಬೀಪಾತುಮ್ಮನಿಗೂ ಬೇಕಂತೆ.
ಅವಳ ಕೈ ದೊಡ್ಡದು.
ಎರಡೆರಡು ಕುಣಿಕೆಗೊಮ್ಮೆ ಹಿಂದಿನ ಎಳೆ ಸಿಕ್ಕಿಸುತ್ತಿದ್ದೇನೆ,
ಯಾವ ಬೆರಳೂ ತಡೆಯದ ಹಾಗೆ.
ಬಿಳಿ ಸಾಕಷ್ಟಿದೆ.
ಕೆಂಪು ಸಾಲದು.
ಪೆಟ್ಟಿಗೆಯಲ್ಲಿ ಆ ತೋಳೊಂದು ಉಂಟು.