ಏಳು ಮಿಲಿಬಾರ್

ಬೆಳಗಿನಿಂದ ಮರಳು ಜರಡಿ ಹಿಡಿಯುತ್ತಿದ್ದಾನೆ ಕ್ರೈನ್
ಉಟ್ರೆಕ್ಟಿನ ನೆಲಮಾಳಿಗೆಯಲ್ಲಿ.
ಹೊರಗೆ ಸೈಕಲ್ಲುಗಳು ತೊಯ್ಯುತ್ತಿವೆ.
ಒಳಗೊಂದು ಉಕ್ಕಿನ ಕೊಳವೆ, ಹಸು ಹೊಗುವಷ್ಟು ಅಗಲ,
ಅದರ ಹೊಟ್ಟೆಯಲ್ಲಿ ಓರೆಯಾಗಿಟ್ಟ ತಟ್ಟೆ,
ತಟ್ಟೆಯ ತುಂಬ ಯಾರೂ ಕಾಲಿಡದ ನೆಲ.

ಬಾಗಿಲು. ಹನ್ನೆರಡು ಬೋಲ್ಟು. ಪಂಪಿನ ಗೊರಕೆ.
ಸ್ವಾಂತ್ಯ ಮುಳ್ಳು ನೋಡಿ ಕೂಗುತ್ತಾಳೆ:
ಸಾವಿರ, ನಾನೂರು, ಐವತ್ತು,
ಏಳು.
ಈಗ ಗಾಜಿನಾಚೆ ಮಂಗಳ,
ಈಚೆ ಅವಳ ಆರಿದ ಕಾಫಿ.

ನೀರು ಬಿಡುತ್ತಾರೆ, ಒಂದೇ ಲೋಟ.
ಇನ್ನೇನು ಹೆಪ್ಪುಗಟ್ಟಬೇಕು ಅಂಥ ತಣ್ಣನೆಯ ನೀರು
ಮರಳಿಗೆ ತಾಗಿದ್ದೇ ತಡ
ಮರಳತೊಡಗುತ್ತದೆ:
ಒಲೆಯಿಲ್ಲ, ಉರಿಯಿಲ್ಲ,
ಅಕ್ಕಿ ಹಾಕುವವರಿಲ್ಲದ ಎಸರು.
ಮೇಲಿನಿಂದ ಒತ್ತುವವರು ಇಲ್ಲವೆಂದರೆ
ಕುದಿಯಲು ನೀರಿಗೆ ಬಿಸಿಯೇ ಬೇಡವಂತೆ.

ಬಾಣಲೆಯ ಸಾಸಿವೆಯಂತೆ ಸಿಡಿಯುತ್ತವೆ ಕಣಗಳು.
ಒದ್ದೆ ಉಂಡೆಗಳು ತಮ್ಮದೇ ಆವಿಯ ಮೇಲೆ ಕೂತು
ನೆಲ ಮುಟ್ಟದೆ ಜಾರುತ್ತವೆ.
ನಲವತ್ತು ಸೆಕೆಂಡು.

ನೀರು ಇಲ್ಲ.
ಕಾಲುವೆ ಇದೆ.

ನೌಕೆ ಕಳಿಸಿದ ಚಿತ್ರದ ಪಕ್ಕಕ್ಕೆ ಹಿಡಿದರೆ
ಅದೇ ಕೊರಕಲು, ತುದಿಯಲ್ಲಿ ಅದೇ ಮೊಂಡು ಬೆರಳುಗಳು.
'ಅಷ್ಟೆಲ್ಲ ನೀರು ಬೇಕಿರಲಿಲ್ಲ, ಬಹುಶಃ' ಎಂದು ಬರೆದು
ಸ್ವಾಂತ್ಯ 'ಬಹುಶಃ'ದ ಕೆಳಗೆ ಎರಡು ಸಲ ಗೆರೆ ಎಳೆಯುತ್ತಾಳೆ.

ನೀರ ಮೇಲೆ ಬರೆದದ್ದು ನಿಲ್ಲುವುದಿಲ್ಲ, ಗೊತ್ತು.
ನೀರೇ ಬರೆದದ್ದು?

ಬ್ರೆಡ್ಡಿನ ಡಬ್ಬಿ ಬಿಚ್ಚುತ್ತ, ಯಾರೂ ಕೇಳದೆ, ಕ್ರೈನ್ ಹೇಳುತ್ತಾನೆ:
ಝೇಲಾಂಡಿನಲ್ಲಿ ನಮ್ಮಜ್ಜಿ ಪೀಟರ್ನೆಲ್ಲಳ ಅಡುಗೆಮನೆ,
ಗೋಡೆಗೆ ಎದೆಮಟ್ಟಕ್ಕೆ ಒಂದು ಕಂದು ಗೆರೆ.
ಐವತ್ತಮೂರರಲ್ಲಿ ಒಡ್ಡು ಒಡೆದ ರಾತ್ರಿಯದು.
ವರ್ಷಾ ಸುಣ್ಣ ಬಳಿದರೂ ಉಪ್ಪು ಮತ್ತೆ ಹೊರಗೆ ಬರುತ್ತಿತ್ತು.
ಕರುವಿನ ಹಗ್ಗ ಬಿಚ್ಚಲು ಹೋದ ಅವಳ ತಮ್ಮ
ಮರಳಲಿಲ್ಲ.
ನೋಡಲು ಬಂದವರೆಲ್ಲ ಗೆರೆಗೆ ಕೈ ಹಚ್ಚಿ
'ಇಷ್ಟು ಬಂದಿತ್ತೇ?' ಅನ್ನುವರು.
ಅಜ್ಜಿಗೆ ಸಿಟ್ಟು ಬರುತ್ತಿತ್ತು.
'ಅದು ನೀರು ನಿಂತ ಜಾಗ' ಎನ್ನುವಳು,
'ಬಂದದ್ದನ್ನು ಯಾವ ಗೋಡೆ ಬರೆದುಕೊಂಡಿದೆ?'

ಸ್ವಾಂತ್ಯಳ ಬಾಯಲ್ಲಿ ತುತ್ತು ಹಾಗೇ ಇದೆ.
ಆಮೇಲೆ ನುಂಗಿ, ಪುಟ ಹಿಂದಕ್ಕೆ ತಿರುವಿ,
ಏನನ್ನೋ ಹುಡುಕುತ್ತಾಳೆ.

ಮೂರು ಗಂಟೆಗೆ ಕವಾಟ ಸಡಿಲಿಸಿದಾಗ
ನಮ್ಮ ಗಾಳಿ, ಕಾಲುವೆಗಳ ಊರಿನ ಒದ್ದೆ ಗಾಳಿ,
ಒಳಕ್ಕೆ ನುಗ್ಗಿತು.
ಎಡದಂಡೆಯ ಅಂಚು ಒಂದು ಹೆಬ್ಬೆರಳಷ್ಟು ಕುಸಿಯಿತು.

ಅದನ್ನೂ ಬರೆದುಕೊಂಡರು.
ಕ್ರೈನ್ ಮರದ ಪಟ್ಟಿಯಿಂದ ಮಂಗಳವನ್ನು ಸಮ ಮಾಡಿದ.
ನಾಳೆ ಅರ್ಧ ಲೋಟ.